ಅಪ್ಪನ ಜೊತೆ ಗ್ರಾಂಟ್ ಹಾದಿಯಲ್ಲಿ ಎಂಟು ದಿನ

ತಂಗಿಯ ಬಾಣಂತನಕ್ಕೆಂದು ಅಪ್ಪ ಅಮ್ಮ ಶಿಕಾಗೋಗೆ ಬಂದು ಮೂರು ತಿಂಗಳಾಗಿತ್ತು. ಅಮ್ಮನಿಗೆ ಮಗುವಿಗೆ ಎಣ್ಣೆ ಹಚ್ಚುವುದು, ನೀರು ಹಾಕುವುದು, ತಂಗಿಗೆ ಪಥ್ಯದ ಅಡುಗೆ ಅಂತ ದಿನವಿಡೀ ಕೆಲಸ. ಅಪ್ಪನಿಗೆ ಮಾತ್ರ ಹೊತ್ತು ಹೋಗುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿದ್ದು ಸುಬೇದಾರರಾಗಿ ನಿವೃತ್ತರಾದವರು ಅವರು. ಹಲಸೂರಿನ ಸೆಂಟರಿನಲ್ಲಿ ಸೇತುವೆ ಕಟ್ಟುವುದು, ಕಂದಕ ತೋಡುವುದು, ಮದ್ದು ಹೂಳುವುದು ಕಲಿತವರು. ಸುಮ್ನೆ ಸೋಫಾದಲ್ಲಿ ಕೂರು ಅಂದರೆ ಅವರಿಂದ ಆಗುವ ಮಾತಲ್ಲ.

ಲೈಬ್ರರಿಯಿಂದ ಯುಲಿಸಿಸ್ ಗ್ರಾಂಟ್ ಅವರ ಆತ್ಮಕಥೆ ತಂದುಕೊಟ್ಟೆ. ಗ್ರಾಂಟ್ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆಯನ್ನು ಗೆಲುವಿಗೆ ಮುಟ್ಟಿಸಿದ ಜನರಲ್. ಆಮೇಲೆ 1869ರಿಂದ 1877ರವರೆಗೆ ದೇಶದ ಅಧ್ಯಕ್ಷ. ಅಪ್ಪ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ದಿನಕ್ಕೆ ಹತ್ತು ಪುಟ ಓದಿದರು. ಒಂದು ರಾತ್ರಿ ಊಟದ ಹೊತ್ತಿಗೆ, "ಈ ಮನುಷ್ಯ ಓಡಾಡಿದ ಜಾಗ ಇಲ್ಲಿಂದ ದೂರವೇನೋ?" ಅಂದರು. ನಾನು ಮಾರನೇ ದಿನವೇ ರಜೆಗೆ ಬರೆದೆ.

ಮೊದಲ ದಿನ: ಗಲೀನಾ

ಅಕ್ಟೋಬರ್ ಮೊದಲ ವಾರ. ಬೆಳಗಿನ ಜಾವ ಬಾಡಿಗೆ ಕಾರಿನಲ್ಲಿ ಹೊರಟೆವು. ಅಮ್ಮ ಪುಳಿಯೋಗರೆ, ಕೋಡುಬಳೆ, ಚಟ್ನಿಪುಡಿ ಕಟ್ಟಿಕೊಟ್ಟರು. ಅಪ್ಪ ಜೇಬಿನ ಪುಟ್ಟ ಡೈರಿ ತೆಗೆದು ಕಾರಿನ ಮೈಲಿ ಲೆಕ್ಕ ಬರೆದುಕೊಂಡರು. ಎಂಟೂ ದಿನ ಅದು ತಪ್ಪಲಿಲ್ಲ.

ಗಲೀನಾ ಇಲಿನಾಯ್ ರಾಜ್ಯದ ವಾಯವ್ಯ ಮೂಲೆಯ ಗುಡ್ಡದೂರು. ಸೀಸದ ಅದಿರಿನ ಹೆಸರೇ ಊರಿನ ಹೆಸರು. ಒಂದು ಕಾಲದಲ್ಲಿ ಸುತ್ತಮುತ್ತ ಎಲ್ಲ ಸೀಸದ ಗಣಿ. 1860ರಲ್ಲಿ ಗ್ರಾಂಟ್ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹಬೆದೋಣಿಯಲ್ಲಿ ಇಲ್ಲಿಗೆ ಬಂದಿಳಿದಾಗ ವಯಸ್ಸು ಮೂವತ್ತೆಂಟಾಗಿತ್ತು. ಬಂದದ್ದು ಅಪ್ಪನ ಚರ್ಮದ ಅಂಗಡಿಯಲ್ಲಿ ಕೆಲಸಕ್ಕೆ. ಅಂಗಡಿ ನಡೆಸುತ್ತಿದ್ದವರು ತಮ್ಮಂದಿರು. ಅವರ ಕೈಕೆಳಗೆ ಅಣ್ಣ! ಹುಡುಗನಾಗಿದ್ದಾಗ ಅಪ್ಪನ ಚರ್ಮ ಹದ ಮಾಡುವ ಕೆಲಸ ಕಂಡರೇ ಆಗದಿದ್ದವರು, ರಕ್ತ ಕಂಡರೆ ಹಿಂಜರಿಯುತ್ತಿದ್ದವರು, ಮಾಂಸವನ್ನು ಕರಕಲಾಗುವಷ್ಟು ಬೇಯಿಸದಿದ್ದರೆ ಮುಟ್ಟದವರು ಕೊನೆಗೆ ಮತ್ತೆ ಚರ್ಮದ ನಡುವೆಯೇ ಬಂದು ನಿಂತರು.

ಪ್ರವಾಸಿಗರು ನೋಡುವುದು ಬುತಿಯೇ ಬೀದಿಯ ಇಟ್ಟಿಗೆ ಮನೆ. 1865ರಲ್ಲಿ ಯುದ್ಧ ಗೆದ್ದು ಬಂದಾಗ ಊರಿನವರು ಸಾಮಾನು ಸಮೇತ ಕೊಟ್ಟದ್ದು ಅದು. ಚೆನ್ನಾಗಿದೆ. ಆದರೆ ಅಪ್ಪನಿಗೆ ಬೇಕಾಗಿದ್ದು ಅದಕ್ಕೆ ಮೊದಲಿನ ಬಾಡಿಗೆ ಮನೆ. ಹೊಳೆಯ ಆಚೆ ದಡದಲ್ಲಿ, ಹೈ ಸ್ಟ್ರೀಟಿನಲ್ಲಿ, ಗುಡ್ಡದ ನೆತ್ತಿಯಲ್ಲಿದೆ. ಕೆಳಗಿನ ಪೇಟೆ ಬೀದಿಯಿಂದ ಮೆಟ್ಟಿಲು ಹತ್ತಿದೆವು. ಮೊಣಕಾಲು ನೋವಿದ್ದರೂ ಅಪ್ಪ ಎಲ್ಲೂ ನಿಲ್ಲಲಿಲ್ಲ. ಮೇಲೆ ನಿಂತು, "ದಿನಾ ಸಂಜೆ ಅಂಗಡಿ ಮುಚ್ಚಿ ಇದನ್ನ ಹತ್ತುತ್ತಿದ್ದ ಅಲ್ವಾ? ಆಗ ಇವನನ್ನ ನೋಡಿದವರು ಏನಂದುಕೊಂಡಿದ್ದಾರು" ಅಂದರು.

ಒಂದೇ ವರ್ಷ. 1861ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ಜೂನ್‌ನಲ್ಲಿ ಗ್ರಾಂಟ್ 21ನೇ ಇಲಿನಾಯ್ ರೆಜಿಮೆಂಟಿನ ಕರ್ನಲ್. ಈ ಪುಟ್ಟ ಊರಿನಿಂದ ಒಟ್ಟು ಒಂಬತ್ತು ಮಂದಿ ಜನರಲ್‌ಗಳಾದರು. ಅವರಲ್ಲೊಬ್ಬರು ಸೆನೆಕಾ ಬುಡಕಟ್ಟಿನ ಈಲಿ ಪಾರ್ಕರ್. ಇಲ್ಲಿ ಸರ್ಕಾರಿ ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರ್. ಮುಂದೆ ದಕ್ಷಿಣದ ಸೇನೆ ಶರಣಾದಾಗ ಶರತ್ತುಗಳನ್ನು ಶಾಯಿಯಲ್ಲಿ ನಕಲು ಮಾಡಿದ್ದು ಅವರ ಕೈ.

ಎರಡನೇ ದಿನ: ಸೇಂಟ್ ಲೂಯಿಸ್

ಐದೂವರೆ ಗಂಟೆ ದಾರಿ. ಮಧ್ಯಾಹ್ನ ವೈಟ್ ಹೇವನ್ ತಲುಪಿದೆವು. ಹೆಸರಲ್ಲಿ ಬಿಳಿ ಇದ್ದರೂ ಮನೆಯ ಬಣ್ಣ ಕಣ್ಣಿಗೆ ಹೊಡೆಯುವ ಹಸಿರು. ಇದು ಗ್ರಾಂಟ್ ಅವರ ಮಾವನ ತೋಟದ ಮನೆ.

ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಿಂದ 1843ರಲ್ಲಿ ಹೊರಬಂದಾಗ ಅವರು 39 ಜನರಲ್ಲಿ 21ನೆಯವರು. ಕುದುರೆ ಸವಾರಿಯಲ್ಲಿ ಮಾತ್ರ ಸಾಟಿ ಇರಲಿಲ್ಲ. ಹುಟ್ಟಿದಾಗ ಇಟ್ಟ ಹೆಸರು ಹೈರಮ್ ಯುಲಿಸಿಸ್. ಶಾಲೆಗೆ ಶಿಫಾರಸು ಮಾಡಿದ ಸಂಸದರು ತಪ್ಪಾಗಿ ಯುಲಿಸಿಸ್ ಎಸ್. ಗ್ರಾಂಟ್ ಅಂತ ಬರೆದರು. ಅದೇ ನಿಂತಿತು. ಅಪ್ಪ ಇದನ್ನು ಕೇಳಿ ತಲೆಯಾಡಿಸಿದರು. ಅವರಿಗೂ ಊರಲ್ಲಿ ಕರೆಯುವ ಹೆಸರೇ ಬೇರೆ, ದಾಖಲೆಯ ಹೆಸರೇ ಬೇರೆ.

ಮನೆಯ ಹತ್ತಿರವೇ ಗ್ರಾವಾಯ್ ಎಂಬ ತೊರೆ ಹರಿಯುತ್ತದೆ. ನಾವು ಹೋದಾಗ ಪಾದ ಮುಳುಗುವಷ್ಟೂ ನೀರಿರಲಿಲ್ಲ. 1844ರ ಒಂದು ದಿನ ಈ ತೊರೆ ಮಳೆಗೆ ದಡ ಮೀರಿತ್ತು. ರೆಜಿಮೆಂಟು ದಕ್ಷಿಣಕ್ಕೆ ಹೊರಟುಹೋಗಿತ್ತು. ತಾವೂ ಹೋಗುವ ಮೊದಲು ಜೂಲಿಯಾ ಡೆಂಟ್ ಎಂಬ ಹುಡುಗಿಗೆ ಮನಸ್ಸಿನ ಮಾತು ಹೇಳಬೇಕಿತ್ತು. ಗ್ರಾಂಟ್ ಕುದುರೆಯನ್ನು ನೀರಿಗೆ ಇಳಿಸಿಯೇಬಿಟ್ಟರು. ಆಚೆ ದಡ ಸೇರಿ, ತೊಯ್ದ ಬಟ್ಟೆ ಬಿಚ್ಚಿ, ಮುಂದೆ ಭಾವಮೈದುನನಾಗಲಿದ್ದವನ ಬಟ್ಟೆ ತೊಟ್ಟು ಮದುವೆ ಮಾತೆತ್ತಿದರು. ಅದನ್ನು ಬರೆಯುವಾಗಲೇ ಅವರು ತಮ್ಮದೊಂದು ನಂಬಿಕೆ ಹೇಳಿಕೊಳ್ಳುತ್ತಾರೆ. ಎಲ್ಲಿಗಾದರೂ ಹೊರಟರೆ, ಹೋದ ಕೆಲಸ ಮುಗಿಯುವ ತನಕ ಹಿಂದಿರುಗಬಾರದು. ದಾರಿ ತಪ್ಪಿದರೂ ಬಂದ ದಾರಿಯಲ್ಲಿ ವಾಪಸ್ ಬರದೆ ಮುಂದಿನ ಯಾವುದೋ ತಿರುವು ಹಿಡಿಯುತ್ತಿದ್ದರಂತೆ.

"ನಿಮ್ಮಮ್ಮ ಹೇಳುವುದೂ ಇದನ್ನೇ" ಅಂದರು ಅಪ್ಪ. ಹೊರಟವರನ್ನು ಹಿಂದಿನಿಂದ ಕರೆಯಬಾರದು. ವಾಪಸ್ ಬಂದರೆ ಎರಡು ನಿಮಿಷ ಕೂತು, ನೀರು ಕುಡಿದು ಹೋಗಬೇಕು. ನಮ್ಮೂರಿನ ಮಾತನ್ನು ಮಿಸೌರಿಯ ತೊರೆಯ ದಡದಲ್ಲಿ ಕೇಳಿ ನನಗೆ ಮೈ ಜುಂ ಅಂದಿತು.

ಮನೆಯ ನೆಲಮಾಳಿಗೆಯಲ್ಲಿ ಅಡುಗೆಮನೆ ಇದೆ. ಅಲ್ಲಿ ಬೇಯಿಸುತ್ತಿದ್ದವರು ಮೇರಿ ರಾಬಿನ್‌ಸನ್ ಎಂಬ ಗುಲಾಮ ಹೆಂಗಸು. ಈ ತೋಟ ನಡೆದದ್ದೇ ಗುಲಾಮರ ಬೆವರಿನಲ್ಲಿ. ಅದನ್ನು ಮರೆತು ಮೇಲಿನ ಹಜಾರವನ್ನಷ್ಟೇ ಮೆಚ್ಚಿ ಬರಲು ಆಗುವುದಿಲ್ಲ. 1854ರಲ್ಲಿ ಸೈನ್ಯಕ್ಕೆ ರಾಜೀನಾಮೆ ಕೊಟ್ಟು ಬಂದ ಗ್ರಾಂಟ್ ಇಲ್ಲೇ ಹೊಲ ಉತ್ತರು, ತಾವೇ ಮರ ಕಡಿದು ದಿಮ್ಮಿ ಮನೆ ಕಟ್ಟಿದರು. ಹಳೇ ಮಿಲಿಟರಿ ಕೋಟು ಹಾಕಿಕೊಂಡು ಪೇಟೆಯಲ್ಲಿ ಸೌದೆ ಮಾರಿದರು. 1857ರ ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು ಚಿನ್ನದ ಗಡಿಯಾರವನ್ನು 22 ಡಾಲರಿಗೆ ಅಡವಿಟ್ಟರು. ಅಷ್ಟು ಕಷ್ಟದ ದಿನಗಳಲ್ಲೇ, 1859ರ ಮಾರ್ಚ್‌ನಲ್ಲಿ, ತಮ್ಮ ಹೆಸರಿನಲ್ಲಿದ್ದ ವಿಲಿಯಂ ಜೋನ್ಸ್ ಎಂಬ ಗುಲಾಮನನ್ನು ಕೋರ್ಟಿಗೆ ಹೋಗಿ ಬಿಡುಗಡೆ ಮಾಡಿದರು. ಮಾರಿದ್ದರೆ ಸಾಲವೆಲ್ಲ ತೀರುತ್ತಿತ್ತೇನೋ. ಮಾರಲಿಲ್ಲ. ಇಟ್ಟುಕೊಂಡದ್ದು ತಪ್ಪು, ಬಿಟ್ಟದ್ದು ದೊಡ್ಡದು. ಎರಡೂ ನಿಜ.

ಮೂರನೇ ದಿನ: ಕೇರೋ, ಫೋರ್ಟ್ ಡಾನೆಲ್ಸನ್

ಕೇರೋ ಬರೆಯುವುದು ಈಜಿಪ್ಟಿನ ಊರಿನ ಹಾಗೇ, ಉಚ್ಚಾರ ಬೇರೆ. ಈಗ ಅರ್ಧಕ್ಕರ್ಧ ಖಾಲಿಯಾದ ಊರು. ತುದಿಯಲ್ಲಿ ಒಹಾಯೊ ಮತ್ತು ಮಿಸಿಸಿಪ್ಪಿ ಸೇರುತ್ತವೆ. ಎರಡು ನೀರಿನ ಬಣ್ಣ ಬೇರೆ ಬೇರೆಯಾಗಿ ಕಾಣುತ್ತದೆ. ಅಪ್ಪ ಬಗ್ಗಿ ನೀರು ಮುಟ್ಟಿ ತಲೆಗೆ ಚಿಮುಕಿಸಿಕೊಂಡರು, ತಿರುಮಕೂಡಲಿನಲ್ಲಿ ಮಾಡುವ ಹಾಗೇ. 1861ರ ಸೆಪ್ಟೆಂಬರಿನಲ್ಲಿ ಗ್ರಾಂಟ್ ಇಲ್ಲಿ ಠಾಣೆ ಹೂಡಿದರು. ದಕ್ಷಿಣಕ್ಕೆ ರಸ್ತೆ ಕೆಟ್ಟದು, ನದಿಯೇ ರಸ್ತೆ. ನದಿ ಹಿಡಿದವನಿಗೆ ನಾಡು ಸಿಗುತ್ತದೆ.

ಅಲ್ಲಿಂದ ಟೆನ್ನೆಸಿಗೆ ಹೋಗುವಾಗ ಕಾಡಿನಲ್ಲಿ ಫೋನಿನ ಸಿಗ್ನಲ್ ಹೋಯಿತು. ತಿರುವು ತಪ್ಪಿದೆ. ಕಾರು ತಿರುಗಿಸಲು ಹೊರಟರೆ ಅಪ್ಪ ನನ್ನ ಕೈ ಮುಟ್ಟಿ, "ಬೇಡ, ಮುಂದೆ ಇನ್ನೊಂದು ದಾರಿ ಇದ್ದೇ ಇರುತ್ತೆ" ಅಂದರು. ಇತ್ತು. ಅರ್ಧ ಗಂಟೆ ಜಾಸ್ತಿ ಹಿಡಿಯಿತು ಅಷ್ಟೇ.

ಡಾನೆಲ್ಸನ್ ಕೋಟೆ ಅಂದರೆ ನಮ್ಮ ಚಿತ್ರದುರ್ಗದ ಹಾಗೆ ಕಲ್ಲಿನದಲ್ಲ. ಮಣ್ಣಿನ ಏರಿ, ಕಂಬರ್‌ಲ್ಯಾಂಡ್ ನದಿಗೆ ಮುಖ ಮಾಡಿ ಕೂತ ತೋಪುಗಳು. 1862ರ ಫೆಬ್ರವರಿ 15ರಂದು ಗ್ರಾಂಟ್ ಗಾಯಗೊಂಡ ನೌಕಾದಳದ ಮುಖ್ಯಸ್ಥರನ್ನು ಕಾಣಲು ಹೋಗಿದ್ದಾಗ ಒಳಗಿದ್ದ ದಕ್ಷಿಣದವರು ಮೇಲೆ ಬಿದ್ದರು. ವಾಪಸ್ ಬಂದು ನೋಡಿದರೆ ಬಲಗಡೆ ಸಾಲೆಲ್ಲ ಚೆಲ್ಲಾಪಿಲ್ಲಿ. ಸೆರೆಸಿಕ್ಕ ಶತ್ರು ಸಿಪಾಯಿಗಳ ಚೀಲದಲ್ಲಿ ಮೂರು ದಿನದ ಬುತ್ತಿ ಇದೆ ಅಂತ ಯಾರೋ ಹೇಳಿದರು. ಗ್ರಾಂಟ್ ಆ ಬುತ್ತಿಯಲ್ಲಿ ಎಲ್ಲವನ್ನೂ ಓದಿಕೊಂಡರು. ನಿಂತು ಹೋರಾಡುವವನು ಬುತ್ತಿ ಹೊರುವುದಿಲ್ಲ, ತಪ್ಪಿಸಿಕೊಂಡು ಹೋಗುವವನು ಹೊರುತ್ತಾನೆ. ತಕ್ಷಣ ದಾಳಿಗೆ ಹೇಳಿದರು. ಅಪ್ಪ ಈ ಜಾಗದಲ್ಲಿ ಬಹಳ ಹೊತ್ತು ನಿಂತರು. "ಇದನ್ನ ಯಾವ ಶಾಲೆಯಲ್ಲೂ ಹೇಳಿಕೊಡಲ್ಲ" ಅಂದರು.

ಮಾರನೇ ದಿನ ಕೋಟೆಯಿಂದ ಶರತ್ತು ಕೇಳಿ ಚೀಟಿ ಬಂತು. ಶರತ್ತಿಲ್ಲದೆ, ಈಗಲೇ ಶರಣಾಗಿ ಅಂತ ಗ್ರಾಂಟ್ ಬರೆದ ಉತ್ತರ ದೇಶಕ್ಕೇ ಹಬ್ಬಿತು. ಆ ಚೀಟಿ ಬರೆದಿದ್ದವರು ಸೈಮನ್ ಬಕ್ನರ್, ಹಳೇ ಗೆಳೆಯ. 1854ರಲ್ಲಿ ಗ್ರಾಂಟ್ ನ್ಯೂಯಾರ್ಕಿನಲ್ಲಿ ಕೈಯಲ್ಲಿ ಕಾಸಿಲ್ಲದೆ ನಿಂತಾಗ ಹೋಟೆಲಿನ ಬಾಕಿಗೆ ಆಸರೆಯಾದವರು. ಇಬ್ಬರು ದೊಡ್ಡ ಅಧಿಕಾರಿಗಳು ರಾತ್ರಿಯೇ ಜಾರಿಕೊಂಡಿದ್ದರು, ಬಕ್ನರ್ ಮಾತ್ರ ತಮ್ಮ ಸಿಪಾಯಿಗಳ ಜೊತೆ ಉಳಿದಿದ್ದರು. ಶರಣಾದ ಮೇಲೆ ಗ್ರಾಂಟ್ ಅವರನ್ನು ಪಕ್ಕಕ್ಕೆ ಕರೆದು ತಮ್ಮ ಹಣದ ಚೀಲ ಮುಂದೆ ಹಿಡಿದರಂತೆ. ಶರಣಾಗತಿ ನಡೆದ ಡೋವರ್ ಹೋಟೆಲ್ ನದಿ ದಡದಲ್ಲಿ ಈಗಲೂ ಇದೆ. ಮರದ ಎರಡಂತಸ್ತು, ಮುಂದೆ ಉದ್ದನೆ ಜಗಲಿ.

ಇಲ್ಲಿಂದಲೇ ಇನ್ನೊಂದೂ ಶುರುವಾಯಿತು. ಯುದ್ಧದ ನಡುವೆ ಗ್ರಾಂಟ್ ಕೈಯಲ್ಲಿ ಚುಟ್ಟಾ ಇತ್ತು ಅಂತ ಪತ್ರಿಕೆಗಳು ಬರೆದವು. ಜನ ಪ್ರೀತಿಯಿಂದ ಪೆಟ್ಟಿಗೆಗಟ್ಟಲೆ ಚುಟ್ಟಾ ಕಳಿಸಿದರು. ಹತ್ತು ಸಾವಿರದಷ್ಟು ಬಂದವಂತೆ. ಅಲ್ಲಿಯವರೆಗೆ ಅಷ್ಟಾಗಿ ಸೇದದಿದ್ದವರು ಆಮೇಲೆ ಬಿಡಲಿಲ್ಲ.

ನಾಲ್ಕನೇ ದಿನ: ಶೈಲೋ

ಶೈಲೋ ಒಂದು ಪುಟ್ಟ ಮರದ ಚರ್ಚಿನ ಹೆಸರು. ಶಾಂತಿಯ ತಾಣ ಅಂತ ಅರ್ಥ ಹೇಳುತ್ತಾರೆ. 1862ರ ಏಪ್ರಿಲ್ 6 ಮತ್ತು 7, ಎರಡೇ ದಿನಗಳಲ್ಲಿ ಇಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 23,700.

ಅಪ್ಪ ಇಲ್ಲಿ ಮೊದಲು ಕೇಳಿದ್ದು ಒಂದೇ. "ಕಂದಕ ಎಲ್ಲಿ ತೋಡಿದ್ದರು?" ತೋಡಿರಲಿಲ್ಲ. ಶತ್ರು ಬರುತ್ತಾನೆಂದು ಗ್ರಾಂಟ್ ಎಣಿಸಿರಲಿಲ್ಲ. ಬೆಳಿಗ್ಗೆ ತೋಪಿನ ಸದ್ದು ಕೇಳಿದಾಗ ಅವರು ಕೆಲವು ಮೈಲಿ ಕೆಳಗೆ, ಸವಾನಾ ಊರಿನಲ್ಲಿ ತಿಂಡಿಗೆ ಕೂತಿದ್ದರು. ಅಪ್ಪನ ಮುಖ ಬಿಗಿಯಿತು. "ಅದು ತಪ್ಪು. ದೊಡ್ಡ ತಪ್ಪು" ಅಂದರು. ನನಗೂ ಹಾಗೇ ಅನ್ನಿಸುತ್ತದೆ.

ಮೊದಲ ದಿನದ ರಾತ್ರಿ ಜೋರು ಮಳೆ. ಕುದುರೆ ಜಾರಿ ಬಿದ್ದು ಗ್ರಾಂಟ್ ಅವರ ಕಾಲಿನ ಗಿಣ್ಣು ಬಾತಿತ್ತು. ನದಿ ದಡದ ಓಕ್ ಮರದ ಕೆಳಗೆ ಮಲಗಿದರು. ನಿದ್ದೆ ಬರದೆ ಹತ್ತಿರದ ದಿಮ್ಮಿ ಮನೆಗೆ ಹೋದರು. ಅದನ್ನು ಆಸ್ಪತ್ರೆ ಮಾಡಿದ್ದರು. ಒಳಗೆ ಕೈಕಾಲು ಕತ್ತರಿಸುತ್ತಿದ್ದರು. ನೋಡಲಾರದೆ ಮತ್ತೆ ಮಳೆಗೇ ಬಂದು ಮರದ ಕೆಳಗೆ ನಿಂತರು. ಅಷ್ಟು ಜನರನ್ನು ಸಾವಿಗೆ ಕಳಿಸಿದ ಮನುಷ್ಯನಿಗೆ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ. ಇನ್ನು ಹಿಂದಿರುಗುತ್ತಾರೆ ಅಂತ ಸುತ್ತಲಿನವರು ಅಂದುಕೊಂಡಿದ್ದಾಗ, ಅವರು ಬೆಳಿಗ್ಗೆ ಎದ್ದು ಮುಂದೆ ಹೊರಟರು.

ನದಿ ಮೇಲಿನ ದಿಬ್ಬದಲ್ಲಿ ಸಮಾಧಿಗಳಿವೆ. ಹೆಸರಿರುವ ಕಲ್ಲು ಸ್ವಲ್ಪ ದೊಡ್ಡದು. ಹೆಸರಿಲ್ಲದ್ದು ಅಂಗೈ ಅಗಲದ ಚೌಕದ ಕಲ್ಲು, ಮೇಲೆ ಒಂದು ಸಂಖ್ಯೆ ಅಷ್ಟೇ. ಮೂರರಲ್ಲಿ ಎರಡು ಹಾಗೇ ಇವೆ. ಒಂದು ಸಂಖ್ಯೆಯ ಮೇಲೆ ಬಿದ್ದಿದ್ದ ಎಲೆಯನ್ನು ಅಪ್ಪ ಕೈಯಿಂದ ಸರಿಸಿದರು. ಇನ್ನೊಂದರದ್ದೂ ಸರಿಸಿದರು. ಆಮೇಲೆ ಎದೆ ನೆಟ್ಟಗೆ ಮಾಡಿ ಸೆಲ್ಯೂಟ್ ಹೊಡೆದರು. ನಾನು ದೂರ ಹೋಗಿ ನಿಂತೆ.

ಐದನೇ ದಿನ

ದಿನವೆಲ್ಲ ಕಾರು. ಮಿಸಿಸಿಪ್ಪಿಯಲ್ಲಿ ಹತ್ತಿ ಬಿಡಿಸುವ ಕಾಲ, ಹೊಲಗಳೆಲ್ಲ ಬೆಳ್ಳಗೆ. ಕೋಡುಬಳೆ ಮುಗಿಯಿತು.

ಆರನೇ ದಿನ: ವಿಕ್ಸ್‌ಬರ್ಗ್

ಅಪ್ಪ ಕಾಯುತ್ತಿದ್ದ ಊರು ಇದು.

ಮಿಸಿಸಿಪ್ಪಿಯ ತಿರುವಿನಲ್ಲಿ ಎತ್ತರದ ಗುಡ್ಡದ ಮೇಲೆ ಕೂತ ವಿಕ್ಸ್‌ಬರ್ಗ್ ದಕ್ಷಿಣದವರ ಬೀಗದ ಕೈ. 1862–63ರ ಚಳಿಗಾಲವೆಲ್ಲ ಗ್ರಾಂಟ್ ಉತ್ತರದಿಂದ ಹೊಗಲು ನೋಡಿದರು. ಕಾಲುವೆ ತೋಡಿಸಿದರು, ಜೌಗಿನಲ್ಲಿ ಹಡಗು ನುಗ್ಗಿಸಿದರು. ಒಂದೂ ಆಗಲಿಲ್ಲ. ಮೆಂಫಿಸ್‌ಗೆ ಹಿಂದಿರುಗಿ ಹೊಸದಾಗಿ ಶುರು ಮಾಡೋಣ ಅಂತ ಆಪ್ತ ಗೆಳೆಯ ಶರ್ಮನ್ ಕೂಡ ಹೇಳಿದರು. ಗ್ರಾಂಟ್ ಹಿಂದಿರುಗಲಿಲ್ಲ. ಏಪ್ರಿಲ್ 16ರ ರಾತ್ರಿ ಹಡಗುಗಳನ್ನು ತೋಪುಗಳ ಬಾಯಿ ಮುಂದೆಯೇ ಕೆಳಕ್ಕೆ ಹಾಯಿಸಿದರು. ಸೈನ್ಯ ಆಚೆ ದಡದಲ್ಲಿ ನಡೆದು ಬಂತು. ಒಳ್ಳೆಯ ಇಳಿದಾಣ ಬ್ರೂಯಿನ್ಸ್‌ಬರ್ಗ್‌ನಲ್ಲಿದೆ ಅಂತ ತೋರಿಸಿಕೊಟ್ಟವನು ಒಬ್ಬ ಕರಿಯ ಮನುಷ್ಯ. ಅವನ ಹೆಸರು ಆತ್ಮಕಥೆಯಲ್ಲಿಲ್ಲ. ಏಪ್ರಿಲ್ 30ರಂದು ನದಿ ದಾಟಿ, ಮೇ ತಿಂಗಳಲ್ಲಿ ಒಂದರ ಹಿಂದೊಂದು ಐದು ಕಾಳಗ ಗೆದ್ದು ಊರಿನ ಬೆನ್ನಿಗೆ ಬಂದರು. ಜೊತೆಯಲ್ಲಿ ಹನ್ನೆರಡು ವರ್ಷದ ಮಗ ಫ್ರೆಡ್ ಇದ್ದ. ಬಿಗ್ ಬ್ಲ್ಯಾಕ್ ನದಿ ಹತ್ತಿರ ಅವನ ಕಾಲಿಗೆ ಗುಂಡು ಸವರಿಕೊಂಡು ಹೋಯಿತು.

ಮೇ 22ರ ದೊಡ್ಡ ದಾಳಿ ನೆಲ ಕಚ್ಚಿತು. ಮೂರು ಸಾವಿರಕ್ಕೂ ಜಾಸ್ತಿ ಜನ ಬಿದ್ದರು. ಬಿದ್ದವರನ್ನು ಎತ್ತಲು ಕದನ ನಿಂತದ್ದು ಮೂರು ದಿನದ ಮೇಲೆ, ಅದೂ ಎದುರಾಳಿ ಕೇಳಿದ ಮೇಲೆ. ಗ್ರಾಂಟ್ ಮೇಲೆ ನನಗಿರುವ ಗೌರವಕ್ಕೆ ಈ ಮೂರು ದಿನ ಚುಚ್ಚುತ್ತದೆ.

ಆಮೇಲೆ ಮುತ್ತಿಗೆ. ಇಲ್ಲಿಂದ ಅಪ್ಪನ ಹೊತ್ತು. ಶರ್ಲಿ ಮನೆಯ ಹತ್ತಿರದಿಂದ ಕೋಟೆ ಕಡೆಗೆ ತೋಡಿದ ಕಂದಕದ ಗುರುತು ಹುಲ್ಲಿನಲ್ಲಿ ಈಗಲೂ ಅಲೆಯ ಹಾಗೆ ಕಾಣುತ್ತದೆ. ಅಪ್ಪ ಹೆಜ್ಜೆ ಎಣಿಸುತ್ತಾ ನಡೆದರು. "ನೋಡು, ನೇರ ಹೋಗಿಲ್ಲ. ನೇರ ಹೋದರೆ ಮೇಲಿನವನು ಕಂದಕದ ಉದ್ದಕ್ಕೂ ಗುಂಡು ಹಾರಿಸ್ತಾನೆ. ಅದಕ್ಕೇ ಹಾವಿನ ಹಾಗೆ." ಕೈಯಲ್ಲಿ ಗಾಳಿಯಲ್ಲೇ ಗೆರೆ ಎಳೆದು ತೋರಿಸಿದರು. ಮುಂದೆ ಉರುಳೆ ಉರುಳಿಸಿಕೊಂಡು, ಅದರ ಮರೆಯಲ್ಲಿ ಬಗ್ಗಿ ಅಗೆಯುವುದು. ಅಗೆದ ಮಣ್ಣು ಶತ್ರುವಿನ ಕಡೆಗೇ ಹಾಕುವುದು, ಅದೇ ಗೋಡೆಯಾಗುತ್ತದೆ. ಅಪ್ಪನ ದಳದವರಿಗೆ ಮದ್ರಾಸ್ ಸ್ಯಾಪರ್‌ಗಳು ಅನ್ನುವ ಹೆಸರು ಬಂದಿದ್ದೇ ಈ 'ಸ್ಯಾಪ್' ತೋಡುವ ಕೆಲಸದಿಂದ.

ಸುರಂಗ ತೋಡಲು ಗಣಿ ಕೆಲಸ ಗೊತ್ತಿರುವವರು ಮುಂದೆ ಬನ್ನಿ ಅಂತ ಕರೆ ಹೋಯಿತು. 1863ರ ಜೂನ್ 25ರಂದು ಕೋಟೆಯಡಿ 2,200 ಪೌಂಡ್ ಕಪ್ಪು ಮದ್ದು ಸಿಡಿಸಿದರು. ಆ ಹೊಂಡಕ್ಕೆ ಮೊದಲು ನುಗ್ಗಿದ್ದು 45ನೇ ಇಲಿನಾಯ್. ಆ ರೆಜಿಮೆಂಟಿನ ಅಡ್ಡಹೆಸರೇ ಸೀಸದ ಗಣಿ ರೆಜಿಮೆಂಟ್. ಗಲೀನಾ ಕಡೆಯ ಹುಡುಗರು! ಮೊದಲ ದಿನ ನಾವು ಹತ್ತಿದ ಗುಡ್ಡದ ಮಕ್ಕಳು. ಕಿರಿದಾದ ಹೊಂಡ, ಮೇಲಿನಿಂದ ಕೈಬಾಂಬು. ಒಂದು ದಿನಕ್ಕೂ ಮೀರಿ ಹೋರಾಡಿದರೂ ಕೋಟೆ ಬೀಳಲಿಲ್ಲ. "ಹೊಂಡದೊಳಗೆ ಇಳಿಯಬಾರದಿತ್ತು, ಅಂಚು ಹಿಡಿಯಬೇಕಿತ್ತು" ಅಂತ ಅಪ್ಪ ಮೆಲ್ಲಗೆ ಹೇಳಿಕೊಂಡರು, ಎದುರಿಗೆ ಆ ಹುಡುಗರೇ ಇದ್ದ ಹಾಗೆ.

ಪಕ್ಕದಲ್ಲೇ ಇಲಿನಾಯ್ ರಾಜ್ಯದ ಸ್ಮಾರಕ. ಗುಮ್ಮಟದ ನೆತ್ತಿಯಲ್ಲಿ ತೆರೆದ ರಂಧ್ರ, ಒಳಗೆ ಕಂಚಿನ ಫಲಕಗಳಲ್ಲಿ 36,325 ಹೆಸರು. ಹತ್ತಲು 47 ಮೆಟ್ಟಿಲು, ಮುತ್ತಿಗೆಯ ಒಂದೊಂದು ದಿನಕ್ಕೆ ಒಂದೊಂದು. ಅಪ್ಪ ಜೋರಾಗಿ ಎಣಿಸುತ್ತಾ ಹತ್ತಿದರು. ಊರಿನೊಳಗೆ ಜನ ಗುಹೆ ತೋಡಿಕೊಂಡು ಬದುಕಿದ್ದರು. ಜುಲೈ 4ಕ್ಕೆ ಸುಮಾರು 29,500 ಸೈನಿಕರು ಹಸಿದ ಹೊಟ್ಟೆಯಲ್ಲಿ ಶರಣಾದರು.

ಏಳನೇ ದಿನ

ಜ್ಯಾಕ್ಸನ್‌ನಲ್ಲಿ ಕಾರು ಬಿಟ್ಟು ವಿಮಾನದಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಗೆ. ವರ್ಜೀನಿಯಾ ನೋಡಲು ರಜೆ ಸಾಲಲಿಲ್ಲ. ಆ ಭಾಗ ಅಪ್ಪ ವಿಮಾನದಲ್ಲಿ ಹೇಳಿದರು. 1864ರ ಮೇ ತಿಂಗಳು, ವಿಲ್ಡರ್‌ನೆಸ್ ಕಾಡಿನಲ್ಲಿ ಘೋರ ಪೆಟ್ಟು ತಿಂದ ಸೈನ್ಯ ಕತ್ತಲಲ್ಲಿ ಹೊರಟಿತು. ಹಿಂದಿನ ಜನರಲ್‌ಗಳಾದರೆ ಉತ್ತರಕ್ಕೆ ವಾಪಸ್ ಹೋಗುತ್ತಿದ್ದರು. ಕವಲಿನಲ್ಲಿ ದಕ್ಷಿಣಕ್ಕೆ ತಿರುಗಿದ್ದು ಗೊತ್ತಾದಾಗ ಸೋತು ಸುಣ್ಣವಾಗಿದ್ದ ಸಿಪಾಯಿಗಳೇ ಜೈಕಾರ ಹಾಕಿದರು. 1865ರ ಏಪ್ರಿಲ್ 9ರಂದು ಆಪಮಾಟಕ್ಸ್‌ನಲ್ಲಿ ಕೆಸರು ಮೆತ್ತಿದ ಬೂಟಿನಲ್ಲೇ ಗ್ರಾಂಟ್ ಶರಣಾಗಲು ಬಂದ ದಕ್ಷಿಣದ ಸೇನಾಪತಿ ಲೀ ಅವರ ಎದುರು ಕೂತರು. ಸೋತವರ ಕುದುರೆಗಳನ್ನು ಉಳುಮೆಗೆಂದು ಅವರಿಗೇ ಬಿಟ್ಟರು. ಹಸಿದವರಿಗೆ 25,000 ಜನರ ರೇಷನ್ ಕಳಿಸಿದರು. ಅಧ್ಯಕ್ಷರಾಗಿ ಕರಿಯರ ಮತದ ಹಕ್ಕಿಗೆ ನಿಂತು 1871ರಲ್ಲಿ ಕರಿಯರನ್ನು ಹಿಂಸಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಂಪಿನ ಮೇಲೆ ಕಾನೂನು ತಂದರು. ಸುತ್ತಲಿನವರ ಹಗರಣಗಳನ್ನು ತಡೆಯಲಾಗಲಿಲ್ಲ. ನಂಬಿದವರನ್ನು ಬಿಡದ ಗುಣ ಅಲ್ಲಿ ಮುಳುವಾಯಿತು. 1879ರಲ್ಲಿ ಲೋಕ ಸುತ್ತುತ್ತಾ ಮುಂಬಯಿ, ಆಗ್ರಾಗಳಿಗೂ ಬಂದಿದ್ದರು.

ಎಂಟನೇ ದಿನ: ಮೌಂಟ್ ಮೆಕ್‌ಗ್ರೆಗರ್

ಸರಟೋಗಾ ಹತ್ತಿರದ ಬೆಟ್ಟ. ದಾರಿಯುದ್ದಕ್ಕೂ ಮೇಪಲ್ ಎಲೆ ಕೆಂಪಗೆ, ಹಳದಿಗೆ. ಮೇಲೆ ಒಂದು ಸಾದಾ ಮರದ ಮನೆ, ಸುತ್ತ ಜಗಲಿ.

1884ರ ಮೇ ತಿಂಗಳಲ್ಲಿ ಪಾಲುದಾರನ ಮೋಸದಿಂದ ಗ್ರಾಂಟ್ ದಿವಾಳಿಯಾದರು. ಅದೇ ಬೇಸಿಗೆಯಲ್ಲಿ ಪೀಚ್ ಹಣ್ಣು ಕಚ್ಚಿದಾಗ ಗಂಟಲು ಉರಿಯಿತು. ಕ್ಯಾನ್ಸರ್. ಹೆಂಡತಿಗೆ ಏನಾದರೂ ಉಳಿಸಬೇಕೆಂದು ಬರೆಯಲು ಕೂತರು. ಮಾರ್ಕ್ ಟ್ವೇನ್ ಪ್ರಕಟಿಸಲು ಮುಂದೆ ಬಂದರು. 1885ರ ಜೂನ್ 16ರಂದು ಈ ಬೆಟ್ಟಕ್ಕೆ ಬಂದರು.

ಎರಡು ಚರ್ಮದ ಕುರ್ಚಿಗಳನ್ನು ಎದುರುಬದುರು ಇಟ್ಟಿದ್ದಾರೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಅದಕ್ಕೇ ಒಂದರಲ್ಲಿ ಕೂತು, ಇನ್ನೊಂದರ ಮೇಲೆ ಕಾಲು ಚಾಚಿ ರಾತ್ರಿ ಕಳೆಯುತ್ತಿದ್ದರು. ಕುರ್ಚಿಯ ಚರ್ಮ ಸವೆದು ಕಪ್ಪಾಗಿದೆ. ನೋವಿಗೆ ಗಂಟಲಿಗೆ ಹಾಕುತ್ತಿದ್ದ ಕೊಕೇನ್ ನೀರಿನ ಸೀಸೆ ಇನ್ನೂ ಇದೆ. ದನಿ ಹೋದ ಮೇಲೆ ಚೀಟಿಯಲ್ಲಿ ಬರೆದು ಮಾತಾಡುತ್ತಿದ್ದರು.

ಜುಲೈ 10ರಂದು ಒಬ್ಬರು ನೋಡಲು ಬಂದರು. ಬಕ್ನರ್. ಡಾನೆಲ್ಸನ್‌ನಲ್ಲಿ ಶರಣಾದ ಗೆಳೆಯ. ಒಬ್ಬರು ಮಾತಾಡಿದರು, ಇನ್ನೊಬ್ಬರು ಬರೆದರು. ಇದನ್ನು ಕೇಳಿ ಅಪ್ಪ ಕಿಟಕಿ ಕಡೆ ತಿರುಗಿಕೊಂಡರು.

ಪುಸ್ತಕದ ಕೆಲಸ ಮುಗಿದ ಕೆಲವೇ ದಿನಗಳಲ್ಲಿ, ಜುಲೈ 23ರ ಬೆಳಿಗ್ಗೆ, ಗ್ರಾಂಟ್ ಹೋದರು. ಒಲೆಗೂಡಿನ ಮೇಲಿನ ಗಡಿಯಾರವನ್ನು 8 ಗಂಟೆ 8 ನಿಮಿಷಕ್ಕೆ ನಿಲ್ಲಿಸಿದವನು ಮಗ ಫ್ರೆಡ್. ವಿಕ್ಸ್‌ಬರ್ಗ್‌ನಲ್ಲಿ ಅಪ್ಪನ ಹಿಂದೆ ಕುದುರೆ ಮೇಲೆ ಹೋದ ಅದೇ ಹುಡುಗ. ಮುಳ್ಳುಗಳು ಈಗಲೂ ಅಲ್ಲೇ ಇವೆ. ಪುಸ್ತಕದಿಂದ ಜೂಲಿಯಾಗೆ ಸುಮಾರು 4,50,000 ಡಾಲರ್ ಬಂತು.

ಕೊನೆ ದಿನಗಳಲ್ಲಿ ವೈದ್ಯರಿಗೆ ಬರೆದ ಒಂದು ಚೀಟಿಯ ಮಾತನ್ನು ಅಲ್ಲಿನವರು ಓದಿ ಹೇಳಿದರು. ತಾನು ಸರ್ವನಾಮ ಅಲ್ಲ, ಕ್ರಿಯಾಪದ ಅನ್ನಿಸುತ್ತಿದೆ ಅಂತ ಗ್ರಾಂಟ್ ಬರೆದಿದ್ದರು. ಕ್ರಿಯಾಪದ ಅಂದರೆ ಇರುವುದು, ಮಾಡುವುದು, ನೋಯುವುದು. ತಾನು ಈಗ ಮೂರೂ ಹೌದು ಅಂತ.

ಹೊರಗೆ ಬೆಟ್ಟದ ಅಂಚಿನಲ್ಲಿ ಕೂತಾಗ ಅಪ್ಪ ಡೈರಿ ತೆಗೆದರು. "ಮೂರನೇದಕ್ಕೆ ಕನ್ನಡದಲ್ಲಿ ಏನನ್ನಬೇಕು? ನೋಯು ಅಂದರೆ ಸಾಲದು" ಅಂದರು. ನಾನು ಯೋಚಿಸುತ್ತಿದ್ದೆ. ಅವರಿಗೇ ಹೊಳೆಯಿತು. ಮೈಲಿ ಲೆಕ್ಕದ ಕೆಳಗೆ ಬರೆದರು: ಇರು, ಮಾಡು, ಅನುಭವಿಸು. ಡೈರಿ ಮುಚ್ಚಿ ಜೇಬಿಗೆ ಹಾಕಿಕೊಂಡು, ಮೊಣಕಾಲಿಗೆ ಕೈ ಕೊಟ್ಟು ಎದ್ದು, ಇಳಿಯುವ ದಾರಿಯ ಕಡೆ ಮುಂದಾಗಿ ನಡೆದರು.